ಹಾರ್ನ್ ಒತ್ತದ ಸೊಸೆ

ಕೊರೊನಾ ಮುಗಿದ ಮರುವರ್ಷ. ಆಗ ಶೃಂಗೇರಿಯಲ್ಲಿ ನಾನು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೆ. ಈಗ ಮಗಳು ನೋಡಿಕೊಳ್ಳುತ್ತಾಳೆ. ಹೆಂಗಸು ಕಲಿಸುವ ಸ್ಕೂಲೆಂದು ಮೊದಲು ನಕ್ಕವರೇ ಆಮೇಲೆ ಹೆಂಡತಿ ಮಕ್ಕಳನ್ನು ಕಳಿಸಿದರು, ಕೊನೆಗೆ ತಾವೂ ಬಂದು ಸೇರಿದರು. ತಿರುವಿನ ರಸ್ತೆಯಲ್ಲಿ ಗಾಡಿ ಬಿಡುವುದನ್ನು ನನ್ನಷ್ಟು ಚೆನ್ನಾಗಿ ಕಲಿಸುವವರು ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕಿನಲ್ಲಿ ಇರಲಿಲ್ಲ. ಜಂಬ ಎಂದರೆ ಜಂಬವೇ ಸರಿ.

ಆ ವರ್ಷ ನೆಮ್ಮಾರಿನ ಮಂಜಪ್ಪಗೌಡರು ಸೊಸೆಯನ್ನು ನನ್ನ ಬಳಿಗೆ ಕರೆತಂದರು. ಹೆಸರು ಇಂಗ್ರಿಡ್, ದೇಶ ನಾರ್ವೆ. ಗೌಡರ ಮಗ ಸುಧೀರ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ಅಲ್ಲಿಯ ಬಂದರಿನ ಊರೊಂದರಲ್ಲಿ ಅವಳನ್ನು ಕಂಡು ಮೆಚ್ಚಿ ಮದುವೆಯಾಗಿದ್ದ. ಇಲ್ಲಿಯೇ ಬಾಳುವುದೆಂದು ಇಬ್ಬರೂ ಕೂಡಿ ನಿರ್ಧರಿಸಿದ್ದರು. ಅವಳು ಫಿಸಿಯೋಥೆರಪಿಸ್ಟ್, ಅಂದರೆ ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸಿ ಚೇತರಿಸುವವಳು. ಎನ್.ಆರ್. ಪುರದ ಕ್ಲಿನಿಕ್ಕೊಂದರಲ್ಲಿ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳೇ ಸೇರಬೇಕು.

"ಲೈಸೆನ್ಸ್ ಆಗಿದೆ. ಆದ್ರೆ ನೀವು ಹೂಂ ಅನ್ನದೆ ನಾನು ಕಾರಿನ ಕೀ ಕೊಡೂದಿಲ್ಲ," ಎಂದರು ಗೌಡರು.

ಅವರು ಅತ್ತ ಹೋದ ಮೇಲೆ ಇಂಗ್ರಿಡ್ ತನ್ನ ಬಿಡಿಬಿಡಿ ಕನ್ನಡದಲ್ಲಿ ಹೇಳಿದಳು: "ಅಕ್ಕ, ಎಲ್ಲರೂ ಪ್ರೀತಿ. ಆದರೆ ಪೇಟೆಗೂ ಕೇಳಿ ಹೋಗಬೇಕು, ಯಾರೋ ಕರ್ಕೊಂಡು ಬರಬೇಕು. ಹೀಗೇ ಆದರೆ ನಾನು ಇಲ್ಲಿ ಇರಕ್ಕೆ ಆಗಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಕಲಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ತನ್ನೂರಿನ ಬೆಟ್ಟದ ರಸ್ತೆಯಲ್ಲಿ ಹಿಮ ಗೋರುವ ಗಾಡಿಯನ್ನೂ ಓಡಿಸಿದ್ದವಳು. ಅಲ್ಲಿ ರಸ್ತೆಯ ಬಲಬದಿಯಲ್ಲಿ ಗಾಡಿ ಬಿಡುವುದರಿಂದ ಕಾರಿನೊಳಗಿನ ಹಿಡಿಗಳೂ ಅದಲುಬದಲು. ಮೊದಲೆರಡು ದಿನ ಇಂಡಿಕೇಟರ್ ಹಾಕಲು ಹೋಗಿ ಸುಡುಬಿಸಿಲಲ್ಲಿ ವೈಪರ್ ಆಡಿಸಿದಳು. ಸಂತೆಗೆ ಬಂದವರು ನಿಂತು ನೋಡಿ ನಕ್ಕರು, ಅವಳೂ ನಕ್ಕಳು. ಗೇರು, ಬ್ರೇಕು, ಏರಿನಲ್ಲಿ ನಿಲ್ಲಿಸಿ ಹೊರಡಿಸುವುದು, ಯಾವುದರಲ್ಲೂ ಎತ್ತಿ ತೋರಿಸುವಂಥ ಕೊರತೆಯಿಲ್ಲ.

ಒಂದೇ ತಕರಾರು. ಹಾರ್ನ್ ಒತ್ತುತ್ತಿರಲಿಲ್ಲ.

ನಮ್ಮ ರಸ್ತೆಯಲ್ಲಿ ಎದುರು ಕಾಣದ ತಿರುವುಗಳು ಒಂದರ ಬೆನ್ನಿಗೊಂದು. ಹಾರ್ನ್ ಇಲ್ಲದೆ ಹೋಗುವುದೆಂದರೆ ಕಣ್ಣು ಮುಚ್ಚಿಕೊಂಡು ಹೋದಂತೆ. ಹೇಳಿದೆ, ಬೇಡಿಕೊಂಡೆ, ಗದರಿದೆ. ಬೆರಳು ಹಾರ್ನಿನವರೆಗೆ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. "ನಮ್ಮಲ್ಲಿ ಹಾರ್ನ್ ಅಂದರೆ ಬೈಯುವುದು. ಕಾಣದವರಿಗೆ ನಾನು ಯಾಕೆ ಬೈಯಲಿ?" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ತಿರುವಿನಲ್ಲಿ ಖಾಸಗಿ ಬಸ್ಸೊಂದು ಮೈಮೇಲೇ ಬಂತು. ಅವಳು ಬ್ರೇಕ್ ಹಾಕಿದ ಚಂದಕ್ಕೆ ನಾವು ಬದುಕಿದೆವು. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಎಂತ ಮಾರಾಯ್ರೆ, ಒಂದ್ ಹಾರ್ನ್ ಹೊಡ್ಯಕ್ಕೂ ಆಗಲ್ವಾ?" ಎಂದು ಕೂಗಿದ. ಇಂಗ್ರಿಡ್ ಸ್ಟಿಯರಿಂಗ್ ಹಿಡಿದೇ ಅತ್ತಳು. ಹೂಂ ಅನ್ನುವ ಮಾತೇ ಇಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ. ಅವಳ ಕೆಲಸ ಹೋಗುತ್ತದೆ, ಬಹುಶಃ ಅವಳೇ ಹೋಗುತ್ತಾಳೆ ಎಂದು ಗೊತ್ತಿದ್ದರೂ ನಾನು ಹೂಂ ಅಂದು ಅವಳೊಬ್ಬಳನ್ನೇ ರಸ್ತೆಗೆ ಬಿಡುವಂತಿರಲಿಲ್ಲ.

ಅದನ್ನೇ ಹೇಳಲು ನೆಮ್ಮಾರಿಗೆ ಹೋದೆ. ಗೌಡರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ರತ್ನಮ್ಮ ಕಾಫಿ ಕೊಟ್ಟು ತಮ್ಮ ದೂರು ತೆಗೆದರು: "ಹುಡುಗಿ ಅಪ್ಪಟ ಚಿನ್ನ ಮಾರಾಯ್ತಿ. ಆದ್ರೆ ಸದ್ದಿಲ್ದೆ ಬಂದು ಹಿಂದೆ ನಿಂತಿರ್ತಾಳೆ. ಮೊನ್ನೆ ಪಕ್ಕದ್ಮನೆಗೆ ಹೋದೋಳು ಉಣುಗೋಲು ದಾಟಿ ಸೀದಾ ಜಗಲಿ ಹತ್ತಿದ್ಲಂತೆ. ಅವ್ರಿಗೆ ಎದೆ ಝಲ್ ಅಂತಂತೆ."

ಉಣುಗೋಲೆಂದರೆ ಗಳಗಳನ್ನು ಅಡ್ಡ ಹಾಕಿದ ನಮ್ಮ ಕಡೆಯ ಗೇಟು. ಅದರ ಆಚೆ ನಿಂತು ಕೂಗದೆ ನಾವು ಯಾರ ಅಂಗಳಕ್ಕೂ ಕಾಲಿಡುವುದಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಒಳಗಿದ್ದ ಇಂಗ್ರಿಡ್‌ಳ ಕೈ ಹಿಡಿದು ಪಕ್ಕದ ಮನೆಯ ಉಣುಗೋಲಿಗೆ ನಡೆಸಿಕೊಂಡು ಹೋದೆ.

"ಕೂಗು," ಎಂದೆ.

"ಅವರಿಗೆ ತೊಂದರೆ ಅಲ್ಲವಾ?"

"ಕೂಗದಿದ್ರೇ ತೊಂದರೆ. ಕೂಗು."

ಅವಳು ನಾಚಿಕೊಂಡು, "ಯಾರಿದ್ದೀರಿ?" ಎಂದಳು. ಒಳಗಿನಿಂದ ತಕ್ಷಣ, "ಓಹೋ, ಬಾ ಮಾರಾಯ್ತಿ, ಒಳಗ್ ಬಾ!" ಎಂಬ ಉತ್ತರ ಬಂತು. ಅವಳ ಮುಖ ಅರಳಿತು.

"ಆ ತಿರುವೂ ಇಂಥದ್ದೇ," ಎಂದೆ. "ಆಚೆ ಯಾರೋ ಇದ್ದಾರೆ. ನೀನು ಬಂದದ್ದು ಅವರಿಗೆ ಗೊತ್ತಾಗಬೇಡವಾ?"

ಅವಳು ಕೇಳಿದಳು: "ಬೈಯುವುದು ಅಲ್ಲ?"

"ಅಲ್ಲ. ಬಂದೆ ಅನ್ನೋದು."

ಮರುದಿನ ಅದೇ ತಿರುವಿನಲ್ಲಿ ನಾನು ಬಾಯಿ ಬಿಡುವ ಮೊದಲೇ ಒತ್ತಿದಳು. ಆಚೆಯಿಂದಲೂ ಹಾರ್ನ್ ಬಂತು. ಅದೇ ಬಸ್ಸು ಅಗಲವಿದ್ದಲ್ಲಿ ಬದಿಗೆ ನಿಂತು ನಮಗೆ ದಾರಿ ಬಿಟ್ಟಿತು. ಅದೇ ಡ್ರೈವರ್ ಕೈ ಎತ್ತಿದ. ಇಂಗ್ರಿಡ್ ಗಟ್ಟಿಯಾಗಿ ನಕ್ಕಳು. ವಾರವಿಡೀ ಎಲ್ಲ ತಿರುವಿನಲ್ಲೂ ನೋಡಿ, ಗೌಡರಿಗೆ ಹೂಂ ಅಂದೆ.

ಒಬ್ಬರು ಒಂದು ಕೆಲಸ ಮಾಡಲು ಒಲ್ಲೆ ಎಂದರೆ ಅವರ ಊರಿನಲ್ಲಿ ಅದಕ್ಕೆ ಏನರ್ಥ ಎಂದು ಮೊದಲು ವಿಚಾರಿಸಬೇಕು. ನನ್ನ ಕಸುಬು ನನಗೆ ಕಲಿಸಿದ್ದು ಇದು. ಮಗಳಿಗೂ ಇದನ್ನೇ ಹೇಳಿಕೊಟ್ಟಿದ್ದೇನೆ.

ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ನೆಮ್ಮಾರಿನಲ್ಲಿ ಗೌಡರ ಜಗಲಿಯಲ್ಲಿ ಕೂತಿದ್ದೆ. ಕೆಳಗಿನ ತಿರುವಿನಿಂದ ಹಾರ್ನ್ ಕೇಳಿಸಿತು. ಗೌಡರು ಒಳಕ್ಕೆ ಕೂಗಿದರು: "ಹುಡುಗಿ ಬಂತು, ಕಾಫಿಗೆ ಇಡೇ."

"ಬೇರೆ ಯಾರದೋ ಗಾಡಿ ಇರಬಹುದು," ಎಂದೆ ನಾನು.

"ನಮ್ಮನೇರು ಕೂಗಿದ್ದು ನಮಗೆ ತಿಳಿಯಲ್ವಾ?" ಎಂದು ಗೌಡರು ಉಣುಗೋಲು ಸರಿಸಲು ಎದ್ದು ಹೋದರು.