ಮಸ್ಕತ್ತಿನಿಂದ ಬೆಂಗಳೂರಿಗೆ ಎಷ್ಟು ತಾಸು

ಅವ್ವ ತೀರಿಕೊಂಡಾಗ ಅಣ್ಣ ಮಸ್ಕತ್ತಿನಲ್ಲಿದ್ದ. ಅಲ್ಲಿನ ಗ್ಯಾರೇಜೊಂದರಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ತೊಂಬತ್ತರ ದಶಕದ ಕೊನೆ. ಕೊಟ್ಟೂರಿನ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಫೋನು, ಎದುರಿನ ಕಿರಾಣಿ ಅಂಗಡಿಯದು. ಆ ಸಂಜೆ ಅದಕ್ಕೆ ಅಣ್ಣನ ಕರೆ ಬಂತು.

"ಟಿಕೆಟ್ ಸಿಕ್ಕೈತಿ. ಇಲ್ಲಿ ಮೂರೂವರಿಗೆ ಬಿಡತೈತಿ, ಬೆಂಗಳೂರಿಗೆ ಮುಂಜಾನಿ ಎಂಟಕ್ಕ. ಕಾರು ಮಾಡ್ಕೊಂಡು ಬರ್ತೀನಿ. ನಾ ಬರೋತನ ಅವ್ವನ್ನ ಎತ್ತಬ್ಯಾಡ್ರಿ."

ಮರುದಿನ ಬೆಳಿಗ್ಗೆ ಹರಪನಹಳ್ಳಿಯಿಂದ ಬಂದ ದೊಡ್ಡಪ್ಪ ಕೇಳಿದ್ದು ನನ್ನನ್ನೇ. "ಭೂಗೋಳದಾಗ ಎಂ.ಎ. ಮಾಡಿಯಲ್ಲೋ, ಎಷ್ಟೊತ್ತಿಗೆ ಬರ್ತಾನ ಹೇಳು. ಹೊತ್ತು ಮುಳುಗಿದ ಮ್ಯಾಲ ಮಣ್ಣು ಕೊಡಂಗಿಲ್ಲ."

ಅವ್ವನಿಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ನಾನು ಅವಳ ಪಕ್ಕದಲ್ಲೇ ಅಟ್ಲಾಸು ಬಿಚ್ಚಿ ಅಳತೆಪಟ್ಟಿ ಇಟ್ಟೆ. ಸುಮಾರು ಎರಡು ಸಾವಿರದ ಮುನ್ನೂರು ಕಿಲೋಮೀಟರು, ಮೂರು ತಾಸಿನ ಹಾರಾಟ. ಮಸ್ಕತ್ತಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಅದನ್ನು ಸೇರಿಸಿದೆ. ಎಂಟು ಹೋಗಿ ಒಂಬತ್ತೂವರೆಯಾಯಿತು. ನಿಲ್ದಾಣದಿಂದ ಹೊರಬರಲು ಒಂದೂವರೆ ತಾಸು, ಚಿತ್ರದುರ್ಗ, ಕೂಡ್ಲಿಗಿ ದಾಟಿ ಬರಲು ಎಂಟು.

"ಸಂಜಿ ಏಳಾಗ್ತೈತ್ರಿ" ಎಂದೆ.

ಟಿಕೆಟ್ಟಿನಲ್ಲಿ ಇಳಿಯುವ ಹೊತ್ತನ್ನು ಇಳಿಯುವ ಊರಿನ ಗಡಿಯಾರದಲ್ಲೇ ಬರೆದಿರುತ್ತಾರೆ. ವಿಮಾನ ಹತ್ತದ ನನಗೆ ಅದು ತಿಳಿದಿರಲಿಲ್ಲ. ಆದರೆ ಮೂರೂವರೆಗೆ ಮೂರು ಕೂಡಿಸಿ, ಬರುವುದು ಆರೂವರೆ ಎಂದು ನೋಡಿದ್ದರೂ ಸಾಕಿತ್ತು. ಆ ಎಂಟರೊಳಗೆ ಗಡಿಯಾರದ ಒಂದೂವರೆ ಆಗಲೇ ಇತ್ತು. "ಬಹುಶಃ" ಎಂದೂ ಹೇಳಿದ್ದೆನೆಂದು ನನ್ನ ನೆನಪು. ದೊಡ್ಡಪ್ಪ ಇಲ್ಲ ಎನ್ನುತ್ತಾರೆ. ಅಂದಿನ ಡೈರಿಯಲ್ಲಿಯೂ ಇಲ್ಲ; ಏಳರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

"ಏಳಕ್ಕ ಬರೋನಿಗೆ ಯಾಕ ಕಾಯೋದು? ಹಡಗಲಿಯವರಿಗೆ ಬಸ್ಸು ತಪ್ಪತೈತಿ" ಎಂದರು ದೊಡ್ಡಪ್ಪ.

"ಮಸ್ಕತ್ ಸಾವುಕಾರ ಅಲ್ಲೇನ್ರಿ, ವಿಮಾನ ಓಣಿಯಾಗ ಇಳಸ್ತಾನ" ಎಂದರು ಬೀಗರೊಬ್ಬರು. ಒಂದಿಬ್ಬರು ನಕ್ಕರು. ನಾನು ನಕ್ಕೆನೋ ಇಲ್ಲವೋ ಗೊತ್ತಿಲ್ಲ.

ನಾಲ್ಕಕ್ಕೆ ಎತ್ತಿದರು. ಐದರ ಹೊತ್ತಿಗೆ ಹೊಲದಲ್ಲಿ ಮಣ್ಣು ಮುಚ್ಚಿಯಾಗಿತ್ತು. ಐದೂವರೆಗೆ ಅಣ್ಣ ಬಂದ. ಹೊತ್ತು ಇನ್ನೂ ಮುಳುಗಿರಲಿಲ್ಲ.

ಇಳಿದೊಡನೆ ಒಮ್ಮೆ, ಚಿತ್ರದುರ್ಗದಿಂದ ಇನ್ನೊಮ್ಮೆ ಫೋನು ಮಾಡಿದ್ದನಂತೆ. ಓಣಿಯಲ್ಲಿ ಹೆಣವಿದೆಯೆಂದು ಕಿರಾಣಿ ಅಂಗಡಿಯವರು ಬಾಗಿಲು ಹಾಕಿದ್ದರು. ಒಳಗೆ ಗಂಟೆ ಹೊಡೆದುಕೊಂಡದ್ದು ನನಗೆ ಕೇಳಿಸಿತ್ತು ಎಂದು ಈಗ ಅನ್ನಿಸುತ್ತದೆ. ಇದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಅಣ್ಣ ಬೈಯಲಿಲ್ಲ. ಹಸಿ ಮಣ್ಣಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದ: "ಮುಖ ಹೆಂಗಿತ್ತಲೇ?"

ಒಂದು ಹಗಲಿಡೀ ಅವಳ ಪಕ್ಕದಲ್ಲಿದ್ದೆ. ನೆನಪಿಸಿಕೊಳ್ಳಲು ಹೋದರೆ ಬಂದದ್ದು ಅಟ್ಲಾಸಿನ ಪುಟ.

"ಮಲಕ್ಕೊಂಡಂಗ ಇತ್ತಣ್ಣ" ಎಂದೆ.

"ಕೂಡಿಸಿದ್ರಲ್ಲಲೇ ಅವ್ವನ್ನ" ಎಂದ.