‘ನನ್ನ ಬಗ್ಗೆ’ ಪುಟ ತಿದ್ದಿದವರು ಯಾರು?

ನನ್ನ ಕೇಕ್ ಮಾರಾಟದ ವೆಬ್‌ಸೈಟ್ ತೆರೆದವಳು ಬೆಚ್ಚಿಬಿದ್ದೆ. ‘ನನ್ನ ಬಗ್ಗೆ’ ಪುಟದಲ್ಲಿ ‘ಮೊಟ್ಟೆಯಿಲ್ಲದ ಕೇಕ್ ಮಾಡುವ ಗೃಹಿಣಿ’ ಎಂದು ಬರೆದಿದ್ದೆ. ಈಗ ಅಲ್ಲಿ ‘ಡೆಂಟಿಸ್ಟ್, ಕೇಕ್ ಹವ್ಯಾಸ’ ಎಂದಿತ್ತು!

ಕೋಡಿಂಗ್‌ನ ಗಂಧಗಾಳಿಯಿಲ್ಲದ ನಾನು, ಪುಟಗಳನ್ನು ತಾನೇ ಜೋಡಿಸಿಕೊಡುವ ಸಾಫ್ಟ್‌ವೇರ್ ಹಿಡಿದು, ದೂರದೇಶದ ಈ ಅತ್ಲೋನ್ ಊರಿನ ನಮ್ಮ ಅಡುಗೆಮನೆಯಲ್ಲಿ ಕೂತು ಕಟ್ಟಿದ ಮೊದಲ ವೆಬ್‌ಸೈಟ್ ಅದು. ಹ್ಯಾಕರ್ ಕೆಲಸವೆಂದು ಗಾಬರಿಯಿಂದ ಪಾಸ್‌ವರ್ಡ್ ಬದಲಿಸಿದೆ. ಆದರೆ ನಾನು ಮೈಸೂರಿನಲ್ಲಿ ಬಿಡಿಎಸ್ ಓದಿದ್ದು ಯಾವ ಹ್ಯಾಕರ್‌ಗೆ ಗೊತ್ತು? ಪುಟದ ತಿದ್ದುಪಡಿಗಳ ಹಿಸ್ಟರಿ ತೆಗೆದು ನೋಡಿದರೆ, ತಿದ್ದಿದವರ ಹೆಸರು ನನ್ನದೇ! ಸಾಫ್ಟ್‌ವೇರ್ ಕೆಲಸದ ಗಂಡನನ್ನು ಗುರಾಯಿಸಿದೆ.

“ನಾನಲ್ಲ ಕಣೇ. ಮಗು ಅತ್ತಾಗೆಲ್ಲ, ಲಾಗಿನ್ ಆಗಿರೋ ಲ್ಯಾಪ್‌ಟಾಪ್ ಹಾಗೇ ಬಿಟ್ಟು ಹೋಗ್ತೀಯ. ಯಾರು ತಿದ್ದಿದ್ರೂ ನಿನ್ನ ಹೆಸರೇ ಬರತ್ತೆ” ಎಂದರು.

ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ, ಬಟಾಣಿ ಬಿಡಿಸುತ್ತಾ ತಲೆಯೆತ್ತದೆ ಹೇಳಿದರು: “ನಾನೇ ತಿದ್ದಿದ್ದು. ಇರೋದನ್ನ ತಾನೇ ಬರ್ದಿರೋದು?”

“ಈ ದೇಶದ ದಂತವೈದ್ಯರ ಪರೀಕ್ಷೆ ಪಾಸಾಗದೆ ಡೆಂಟಿಸ್ಟ್ ಅಂತೆಲ್ಲ ಹಾಕ್ಕೊಳ್ಳೋ ಹಾಗಿಲ್ಲ ಅತ್ತೆ, ಕೇಸ್ ಆಗತ್ತೆ!”

“ಹಾಗಾದ್ರೆ ಪರೀಕ್ಷೆ ಬರಿ. ಮಗೂನ ನಾನು ನೋಡ್ಕೋತೀನಿ.”

ಆ ಸಾಲನ್ನು ಆಗಲೇ ಅಳಿಸಿದೆ. ಸೊಸೆ ಕೇಕ್ ಮಾರುತ್ತಾಳೆಂದು ನೆಂಟರೆದುರು ಮುಜುಗರವಾಗಿ ಬರೆದರೋ, ಪರೀಕ್ಷೆಗೆ ಕೂರಲಿ ಎಂದು ನನ್ನನ್ನು ಕೆಣಕಲೆಂದೇ ಬರೆದರೋ, ಇನ್ನೂ ಗೊತ್ತಾಗಿಲ್ಲ. ಕೇಳಿದರೆ ಬಟಾಣಿ ಬಿಡಿಸುತ್ತಾರೆ. ಅನುಮಾನಪಡುತ್ತಲೇ ಪರೀಕ್ಷೆಗೆ ಓದುತ್ತಿದ್ದೇನೆ.