ಬುದ್ಧಿ ಹೇಳಿ ಕಳಿಸಲಾಗಿದೆ

ಎಂಬತ್ತರ ದಶಕದ ನಡುವಿನಲ್ಲಿ ನಾನು ಸಾಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಬೆರಳಚ್ಚು ಕಲಿಸುತ್ತಿದ್ದೆ. ಊರಿನ ಕೆಲವು ಹೆಂಗಸರು ಸೇರಿ ಆಗ ಮೇಲಿನವರಿಗೆ ಒಂದು ಮನವಿ ಕೊಟ್ಟರು. ಗಂಡನ ಕೈಲಿ ಪೆಟ್ಟು ತಿಂದು ಠಾಣೆಗೆ ಹೋದವರ ದೂರು ಕೇಸಾಗುವುದೇ ಇಲ್ಲ, ಯಾಕೆ ಎಂಬುದು ಅದರ ಸಾರಾಂಶ. ಮೇಲಿನವರು ಬಹಳ ಯೋಚನೆ ಮಾಡಿ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸುತ್ತಿ ವರದಿ ಕೊಡಲು ಒಬ್ಬ ಸಲಹೆಗಾರರನ್ನು ನೇಮಿಸಿದರು. ಅವರು ಎಸ್ಪಿಯಾಗಿ ನಿವೃತ್ತರಾಗಿ ತೀರ್ಥಹಳ್ಳಿಯಲ್ಲಿ ನೆಲೆಸಿದ್ದವರು. ಪೊಲೀಸರ ತಪ್ಪು ಹುಡುಕಲು ಪೊಲೀಸರನ್ನೇ ಕಳಿಸಿದ್ದು ನಮ್ಮ ಹೆಂಗಸರಿಗೆ ಸರಿಬರಲಿಲ್ಲ. ತಮ್ಮ ಕಡೆಯಿಂದಲೂ ಒಬ್ಬಳು ಇರಲಿ ಎಂದು ನನ್ನನ್ನು ಜೊತೆಗೆ ಹಾಕಿದರು. ನನಗೆ ಕಾನೂನು ಗೊತ್ತಿರಲಿಲ್ಲ. ಮದುವೆಯೂ ಆಗಿರಲಿಲ್ಲ. ಟೈಪಿಂಗ್ ಬರುತ್ತಿತ್ತು.

ಸಲಹೆಗಾರರಿಗೆ, ಅಂದರೆ ನಾನು ಸಾಹೇಬರು ಎನ್ನುತ್ತಿದ್ದವರಿಗೆ, ಜೀಪು ಇರಲಿಲ್ಲ. ನಾವು ಬಸ್ಸಿನಲ್ಲಿ ಓಡಾಡಿದೆವು. ಅವರು ಡ್ರೈವರಿನ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದರು. ಅವರು ಹತ್ತಿದ ದಿನ ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತಿತ್ತು.

ಮೊದಲು ಹೋದ ಠಾಣೆ ಯಾವ ತಾಲ್ಲೂಕಿನದೆಂದು ಹೇಳುವುದಿಲ್ಲ. ಸಬ್ ಇನ್‌ಸ್ಪೆಕ್ಟರು ಎದ್ದು ಸೆಲ್ಯೂಟ್ ಹೊಡೆದು, ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಇವರು ಅದರಲ್ಲಿ ಕೂರದೆ, ದೂರು ಕೊಡಲು ಬಂದವರು ಕೂರುವ ಜಾಗ ಯಾವುದೆಂದು ಕೇಳಿದರು. ಅಂಥ ಜಾಗ ಇರಲಿಲ್ಲ. ಹಾಗಾಗಿ ಇಬ್ಬರೂ ನಿಂತುಕೊಂಡೇ ಅರ್ಜಿ ರಿಜಿಸ್ಟರ್ ನೋಡಿದೆವು. ಹೆಂಗಸರ ಅರ್ಜಿಗಳೆಲ್ಲ ಒಂದೇ ವಾಕ್ಯದಲ್ಲಿ ಮುಗಿದಿದ್ದವು: ಬುದ್ಧಿ ಹೇಳಿ ಕಳಿಸಲಾಗಿದೆ.

"ಯಾರಿಗೆ ಬುದ್ಧಿ ಹೇಳಿದ್ರಿ?" ಎಂದು ಇವರು ಠಾಣೆಯ ರೈಟರನ್ನು ಕೇಳಿದರು.

"ಆ ಹೆಂಗ್ಸಿಗೆ ಸಾರ್."

"ಹೊಡೆದಿದ್ದು ಯಾರು?"

"ಗಂಡ ಸಾರ್."

"ಮತ್ತೆ ಬುದ್ಧಿ ಅವನಿಗೆ ಬೇಡ್ವಾ?"

ರೈಟರು ಪ್ರಾಮಾಣಿಕ ಮನುಷ್ಯ. "ಅವ್ನು ಸ್ಟೇಷನ್ನಿಗೆ ಬಂದಿರ್ಲಿಲ್ಲ ಸಾರ್. ಬಂದವ್ರಿಗೆ ಹೇಳಿದ್ವಿ," ಎಂದರು. ನಾನು ಅದನ್ನು ಹಾಗೆಯೇ ಬರೆದುಕೊಂಡೆ.

ಮೂರನೆಯ ವಾರ ಇನ್ನೊಂದು ಠಾಣೆಯಲ್ಲಿ, ಎಪ್ಪತ್ತರ ದಶಕದ ಹಳೆಯ ರಿಜಿಸ್ಟರುಗಳನ್ನು ಅಟ್ಟದಿಂದ ಇಳಿಸಿದರು. ಸಾಹೇಬರು ಒಂದು ಪುಟದಲ್ಲಿ ನಿಂತವರು ಮುಂದಕ್ಕೆ ತಿರುಗಿಸಲಿಲ್ಲ. "ಸಂಸಾರದ ಸಣ್ಣ ಜಗಳ. ಬುದ್ಧಿ ಹೇಳಿ ಕಳಿಸಲಾಗಿದೆ" ಎಂದಿತ್ತು. ಕೆಳಗೆ ಒಂದು ಸಹಿ.

"ಇದು ಯಾರ ಸಹಿ?" ಎಂದು ನಾನು ಕೇಳಿದೆ.

ಅಲ್ಲಿದ್ದ ಕಾನ್‌ಸ್ಟೇಬಲ್ಲು ಬಗ್ಗಿ ನೋಡಿ, "ಯಾರೋ ಹಳೇ ಇನ್‌ಸ್ಪೆಕ್ಟ್ರು ಅಕ್ಕಾ. ಈಗಿಲ್ಲ ಅನ್ಸುತ್ತೆ," ಎಂದ.

"ಇದೀನಿ," ಎಂದರು ಸಾಹೇಬರು. ನನ್ನ ಕಡೆ ತಿರುಗಿ, "ಬರ್ಕೊಳ್ಳಮ್ಮ. ಅಧಿಕಾರಿಯ ಹೆಸರು ಸಮೇತ," ಎಂದರು. ಆಮೇಲೆ ಬಸ್‌ ಸ್ಟ್ಯಾಂಡಿಗೆ ನಡೆದೆವು. ಬಸ್ಸು ಬಂದಾಗ, "ಆ ಹೆಂಗಸು ಎಲ್ಲಿದ್ದಾಳೆ ಅಂತ ಹುಡುಕಬೇಕು," ಎಂದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಆದರೂ ಹುಡುಕಿದೆ.

ಅವಳು ಹೊಳೆಬಾಗಿಲಿನಲ್ಲಿದ್ದಳು. ಹಿನ್ನೀರು ದಾಟಿಸುವ ಲಾಂಚಿಗೆ ಕಾಯುವವರಿಗೆ ಚಾ, ಬನ್ನು, ಅವಲಕ್ಕಿ ಕೊಡುವ ಒಂದು ಗೂಡಂಗಡಿ ಅವಳದು. ಸುಮಾರು ನಲವತ್ತು ವರ್ಷದವಳು. ಎಡಗೈಯಲ್ಲಿ ಚಾ ಸೋಸುತ್ತಿದ್ದಳು. ಬಲಗೈ ಮೊಣಕೈಯಿಂದ ಆಚೆ ನೆಟ್ಟಗಾಗುತ್ತಿರಲಿಲ್ಲ. ಸಾಹೇಬರು ತಾವು ಯಾರೆಂದು ಹೇಳಿದರು. ಯಾವ ವರ್ಷ, ಯಾವ ಠಾಣೆ ಎಂದೂ ಹೇಳಿದರು.

"ಗುರ್ತು ಸಿಕ್ತು," ಎಂದಳು. "ಆವಾಗ ಮೀಸೆ ಇತ್ತು ನಿಮ್ಗೆ. ಚಾ ಕುಡೀತೀರಾ?"

ಅವರು ಬೇಡವೆಂದರು. ನಾನು ಕುಡಿದೆ.

"ನಾನು ಅವತ್ತು ಮಾಡಿದ್ದು ತಪ್ಪು," ಎಂದರು ಸಾಹೇಬರು. ಇಂಥ ವಾಕ್ಯ ಹೇಳಿ ಅಭ್ಯಾಸವಿಲ್ಲದವರಂತೆ ಅದನ್ನು ಬಹಳ ಜೋರಾಗಿ ಹೇಳಿದರು. ಲಾಂಚಿಗೆ ನಿಂತವರೆಲ್ಲ ತಿರುಗಿ ನೋಡಿದರು.

ಅವಳು ಅವಲಕ್ಕಿ ಡಬ್ಬದ ಮುಚ್ಚಳ ಹಾಕಿದಳು. "ಈಗ ಎಂತ ಮಾಡ್ತೀರಿ ಹೇಳಿ. ಅವ್ನು ಬೇರೆ ಮದ್ವೆ ಆಗಿ ಮಕ್ಳು ಮರಿ ಆಗಿದಾವೆ. ನಂಗೆ ಅವ್ನೂ ಬೇಡ, ಅವ್ನ ಜೈಲೂ ಬೇಡ."

"ನೀನು ಹೇಳಿದ್ದನ್ನು ಬರ್ಕೋಬೇಕು. ಅವತ್ತು ಬರ್ಕೊಂಡಿರಲಿಲ್ಲ."

"ಎಂತ ಬರ್ದಿದ್ರಿ ಮತ್ತೆ?"

ಅವರು ಹೇಳಿದರು. ಅವಳು ಕೇಳಿಸಿಕೊಂಡು, "ಸಣ್ಣ ಜಗಳನಾ? ಸಣ್ದು ಅಂತ ಅಳೆದವ್ರು ಯಾರು ಮಾರಾಯ್ರೆ?" ಎಂದಳು. ಅವಳು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಬರೆದುಕೋ ಎಂದಳು.

ಹೆಣ್ಣುಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಆರೇಳು ಮೈಲಿ ನಡೆದು ಠಾಣೆಗೆ ಹೋಗಿದ್ದಳು. ಬೆನ್ನ ಮೇಲೆ ಬಾಸುಂಡೆಗಳಿದ್ದವು. ಯಾರೂ ನೋಡಲಿಲ್ಲ, ಅವಳೂ ತೋರಿಸಲಿಲ್ಲ. ಅಲ್ಲಿ ಇದ್ದವರೆಲ್ಲ ಗಂಡಸರು. "ಹೊಂದಿಕೊಂಡು ಹೋಗು, ಮಗು ಮುಖ ನೋಡು ಅಂದ್ರಿ. ಕಾಫಿ ತರ್ಸಿ ಕೊಟ್ರಿ. ಒಬ್ಬ ಪೊಲೀಸನ್ನ ಕಳ್ಸಿ ಬಸ್ಸಿಗೆ ಕೂರ್ಸಿದ್ರಿ. ಅದನ್ನೂ ಬರ್ಕೊ ತಂಗಿ, ಇಲ್ದೆ ಹೋದ್ರೆ ಸುಳ್ಳಾಗ್ತದೆ." ಪೊಲೀಸರಿಗೆ ಹೇಳಿದ್ದಕ್ಕೇ ಎಂಟನೆಯ ದಿನ ಗಂಡ ಕೈ ಮುರಿದ. ಈ ಸಲ ಅವಳು ಠಾಣೆಗೆ ಹೋಗಲಿಲ್ಲ. ತವರಿನವರು ಗೇಣಿಗೆ ಮಾಡುತ್ತಿದ್ದ ಗದ್ದೆ ಭೂಸುಧಾರಣೆಯ ಡಿಕ್ಲರೇಷನ್ನಿನಲ್ಲಿ ಅವರದೇ ಆಗಿತ್ತು. ಎರಡು ಬಾಯಿ ಹೆಚ್ಚಾದರೂ ನಡೆದೀತು ಎಂದು ಅಣ್ಣ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋದ.

ಬರೆದದ್ದನ್ನು ನನ್ನಿಂದ ಎರಡು ಸಲ ಓದಿಸಿದಳು. "ದೂಡಿದ" ಎಂದು ನಾನು ಬರೆದಿದ್ದನ್ನು "ಒದ್ದ" ಎಂದು ತಿದ್ದಿಸಿದಳು. ಹೆಬ್ಬೆಟ್ಟು ಒತ್ತುತ್ತಾಳೆಂದು ಸಾಹೇಬರು ಮಸಿಪ್ಯಾಡು ತೆಗೆದಿದ್ದರು. ಅವಳು ಪೆನ್ನು ಕೇಳಿ, ಎಡಗೈಯಲ್ಲಿ ನಿಧಾನವಾಗಿ ಸಹಿ ಹಾಕಿದಳು. ಅಷ್ಟರಲ್ಲಿ ಲಾಂಚು ಬಂತು. ಅವಳು ಗಿರಾಕಿಗಳ ಕಡೆ ಹೋದಳು.

ವಾಪಸು ಬರುವಾಗ ಸಾಹೇಬರು, "ಕಾಫಿ ಕೊಟ್ಟಿದ್ದು ಮರೆತಿದ್ದೆ," ಎಂದರು. ಆಮೇಲೆ, "ಅವಳು ಮರೆತಿದ್ರೆ ಒಳ್ಳೇದಿತ್ತು," ಎಂದರು. ನನ್ನ ಸಿಟ್ಟು ಆವರೆಗೆ ಗಟ್ಟಿಯಾಗಿಯೇ ಇತ್ತು. ಅಲ್ಲಿ ಏನಾಯಿತೋ ಹೇಳಲಾರೆ, ಕರವಸ್ತ್ರ ಹುಡುಕಬೇಕಾಯಿತು.

ವರದಿ ಟೈಪ್ ಮಾಡಲು ಹನ್ನೊಂದು ದಿನ ಹಿಡಿಯಿತು. ಸಲಹೆಗಳು ಸರಳವಾಗಿದ್ದವು. ದೂರನ್ನು ಹೇಳಿದವಳ ಮಾತಿನಲ್ಲೇ ಬರೆಯಬೇಕು, ಓದಿ ಹೇಳಬೇಕು, ಒಂದು ಪ್ರತಿ ಅವಳಿಗೆ ಕೊಡಬೇಕು. ಕೇಸು ಬೇಡವೆಂದು ತೀರ್ಮಾನಿಸಿದ ಅಧಿಕಾರಿ ಕಾರಣ ಬರೆದು ಹೆಸರು ಹಾಕಬೇಕು. ಕೂರಲು ಬೆಂಚು. ಮೊದಲ ಅಧ್ಯಾಯ ಹೊಳೆಬಾಗಿಲಿನ ಹೇಳಿಕೆ. ಹೊಣೆಗಾರ ಅಧಿಕಾರಿ ಎಂಬಲ್ಲಿ ಸಾಹೇಬರ ಹೆಸರು.

ಎರಡು ತಿಂಗಳ ಮೇಲೆ ಮೇಲಿನವರ ಪತ್ರ ಬಂತು. ಸಲಹೆಗಳು ಪರಿಶೀಲನೆಯಲ್ಲಿವೆ, ಮೊದಲ ಅಧ್ಯಾಯದಿಂದ ನಿವೃತ್ತ ಅಧಿಕಾರಿಯೊಬ್ಬರ ಗೌರವಕ್ಕೆ ಧಕ್ಕೆಯಾಗುವುದರಿಂದ ಅದನ್ನು ಕೈಬಿಡಬೇಕು. ಸಾಹೇಬರು ಒಂದು ಕಾರ್ಡಿನಲ್ಲಿ ಉತ್ತರ ಬರೆದರು: "ಗೌರವ ನನ್ನದು. ಧಕ್ಕೆಗೆ ನನ್ನ ಒಪ್ಪಿಗೆ ಇದೆ." ಅದಕ್ಕೆ ಮರುತ್ತರ ಬರಲಿಲ್ಲ.

ಬೆಂಚುಗಳು ಬಂದವು. ಉಳಿದದ್ದು ಪರಿಶೀಲನೆಯಲ್ಲೇ ಉಳಿಯಿತು. ನಮ್ಮ ಹೆಂಗಸರು ವರದಿಯನ್ನು ಮೊದಲ ಅಧ್ಯಾಯ ಸಮೇತ ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದರು. ಯಾರಾದರೂ ಠಾಣೆಗೆ ಹೋಗುವಾಗ ನಮ್ಮಲ್ಲಿ ಒಬ್ಬಳು ಕಾಗದ, ಕಾರ್ಬನ್ನು ಹಿಡಿದುಕೊಂಡು ಜೊತೆಗೆ ಹೋಗುವ ಪದ್ಧತಿ ಶುರುವಾಯಿತು. ಕೆಲವು ಕೇಸುಗಳು ದಾಖಲಾದವು. ಸಾಕ್ಷಿಗಳು ತಿರುಗಿಬಿದ್ದು ಕೆಲವು ಬಿದ್ದುಹೋದವು. ಸಾಹೇಬರು ಕಾಲಿನಲ್ಲಿ ಶಕ್ತಿ ಇರುವವರೆಗೆ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬಂದು, ನಾವು ಬರೆದ ದೂರುಗಳನ್ನು ಓದಿ, ಪೊಲೀಸರು ಎಲ್ಲಿ ತಪ್ಪಿಸಿಕೊಳ್ಳಬಹುದು ಎಂದು ಗೆರೆ ಹಾಕಿ ತೋರಿಸುತ್ತಿದ್ದರು. ಆ ವಿಷಯದಲ್ಲಿ ಅವರಷ್ಟು ತಿಳಿದವರು ಮೂರು ತಾಲ್ಲೂಕಿನಲ್ಲಿ ಬೇರೆ ಇರಲಿಲ್ಲ.